ಶಾಲೆಯಲ್ಲಿ ಭಗವದ್ಗೀತೆ – ಒಂದು ಚಿಂತನೆ

(ಗೀತಾ ಜಯಂತಿಯ ಸಂದರ್ಭದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

|| ಶ್ರೀ ಗುರುಭ್ಯೋ ನಮಃ ಹರಿಃ ಓಂ ||



ಪಾಂಡೇಸರಾ ಎಂದೊಡನೆ ಸೂರತ್ ನಗರದವರ ಕಣ್ಣಮುಂದೆ ಬರುವುದು ಬಟ್ಟೆಗೆ ಬಣ್ಣ ಕಟ್ಟುವ, ಅಚ್ಚು ಹಾಕುವ ಕಾರ್ಖಾನೆಗಳು, ಅವುಗಳ ಹೊಗೆಕೊಳವೆಗಳು, ಪಾಳಿ ಬದಲಾಗುವ ಹೊತ್ತಿಗೆ ರಸ್ತೆಯನ್ನೆಲ್ಲ ತುಂಬುವ ಕಾರ್ಮಿಕರು. ಒಡಿಶಾದ ಗಂಜಾಂ ಜಿಲ್ಲೆಯವರು, ಖಾನದೇಶದ ಮರಾಠಿಗರು, ಉತ್ತರ ಪ್ರದೇಶ ಮತ್ತು ಬಿಹಾರಗಳಿಂದ ಬಂದವರು, ಹಿಂದೂಗಳು, ಮುಸಲ್ಮಾನರು ಎಲ್ಲರೂ ಅಲ್ಲಿ ಒಂದೇ ಗೋಡೆಯ ಆಚೀಚೆ ಬದುಕುತ್ತಾರೆ. ಸೂರತ್ ಮಹಾನಗರಪಾಲಿಕೆಯ ಪ್ರಾಥಮಿಕ ಶಾಲೆಗಳು ಗುಜರಾತಿ, ಹಿಂದಿ, ಮರಾಠಿ, ಉರ್ದು, ಒಡಿಯಾ, ತೆಲುಗು, ಇಂಗ್ಲಿಷ್ ಎಂಬ ಏಳು ಮಾಧ್ಯಮಗಳಲ್ಲಿ ನಡೆಯುತ್ತವೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಉಡುಪಿ ಹೋಟೆಲಿಗೋ ಬ್ಯಾಂಕಿಗೋ ಹಜೀರಾದ ಕಾರ್ಖಾನೆಗಳಿಗೋ ಬಂದು ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಬೇರೆ ಭಾಷೆಯ ಅಕ್ಷರಗಳನ್ನು ತಿದ್ದಿಯೇ ಬೆಳೆಯುತ್ತಾರೆ.

ಇಂಥ ಊರಿನ ಆರನೆಯ ತರಗತಿಯ ಕೋಣೆಗೆ ಭಗವದ್ಗೀತೆ ಪ್ರವೇಶಿಸಿದರೆ ಏನಾಗುತ್ತದೆ ಎಂಬುದೇ ಪ್ರಕೃತ ವಿಷಯ. ಗುಜರಾತಿನಲ್ಲಿ ಇದು ಕಲ್ಪನೆಯ ಮಾತಲ್ಲ. 2022ರ ಮಾರ್ಚ್ 17ರಂದು ಆಗಿನ ಶಿಕ್ಷಣ ಸಚಿವ ಜಿತು ವಾಘಾಣಿಯವರು ವಿಧಾನಸಭೆಯಲ್ಲಿ 6ರಿಂದ 12ನೆಯ ತರಗತಿಯವರೆಗೆ ಗೀತೆಯ ಪರಿಚಯವನ್ನು ಶಾಲಾ ಶಿಕ್ಷಣದಲ್ಲಿ ಸೇರಿಸುವುದಾಗಿ ಘೋಷಿಸಿದರು. 6ರಿಂದ 8ರವರೆಗೆ ಸರ್ವಾಂಗೀಣ ಶಿಕ್ಷಣದ ಪುಸ್ತಕದಲ್ಲಿ, 9ರಿಂದ 12ರವರೆಗೆ ಪ್ರಥಮ ಭಾಷೆಯ ಪಠ್ಯದಲ್ಲಿ, ಕಥೆ ಮತ್ತು ಪಠಣದ ರೂಪದಲ್ಲಿ ಅದು ಇರಬೇಕೆಂಬುದು ಯೋಜನೆ. ಶ್ಲೋಕಗಾಯನ, ಪ್ರಬಂಧ, ನಾಟಕ, ರಸಪ್ರಶ್ನೆ, ಚಿತ್ರಕಲೆ ಇತ್ಯಾದಿ ಸ್ಪರ್ಧೆಗಳೂ ಅದರ ಅಂಗ. ವಿರೋಧ ಪಕ್ಷಗಳಾದ ಕಾಂಗ್ರೆಸ್ಸೂ ಆಮ್ ಆದ್ಮಿ ಪಕ್ಷವೂ ಆಗ ಇದನ್ನು ಸ್ವಾಗತಿಸಿದವು. ಜಮೀಯತ್ ಉಲೇಮಾ ಎ ಹಿಂದ್ ಸಂಸ್ಥೆ ಗುಜರಾತ್ ಉಚ್ಚ ನ್ಯಾಯಾಲಯದ ಮೊರೆ ಹೋಯಿತು. 2022ರ ಜುಲೈಯಲ್ಲಿ ಮುಖ್ಯ ನ್ಯಾಯಮೂರ್ತಿ ಅರವಿಂದ ಕುಮಾರ್ ಅವರಿದ್ದ ಪೀಠ (ಅವರು ಕರ್ನಾಟಕದವರೇ ಎಂಬುದು ಇಲ್ಲಿಯ ಕನ್ನಡಿಗರಿಗೆ ನೆನಪಿರಬಹುದು) ಸರ್ಕಾರಕ್ಕೆ ನೋಟೀಸು ನೀಡಿತು, ಆದರೆ ತಡೆಯಾಜ್ಞೆ ನೀಡಲಿಲ್ಲ. 2023ರ ಡಿಸೆಂಬರಿನಲ್ಲಿ ಗೀತಾ ಜಯಂತಿಯ ಹೊತ್ತಿಗೆ 6ರಿಂದ 8ನೆಯ ತರಗತಿಗಳ ಪೂರಕ ಪಠ್ಯಪುಸ್ತಕ ಪ್ರಕಟವಾಯಿತು. 2024ರ ಫೆಬ್ರವರಿಯಲ್ಲಿ ಶಾಲೆಗಳಲ್ಲಿ ಗೀತಾಬೋಧನೆಯ ಕುರಿತು ವಿಧಾನಸಭೆ ನಿರ್ಣಯವನ್ನೇ ಅಂಗೀಕರಿಸಿತು.

ಈ ಸುದ್ದಿ ಬಂದಾಗ ಅನೇಕ ಆಸ್ತಿಕರ ಮನೆಗಳಲ್ಲಿ ಸಂತೋಷವಾಯಿತು. ಅದು ಸಹಜವೇ. ಆ ಸಂತೋಷದ ಹಿಂದಿರುವ ವಾದ ಹಗುರವಾದುದಲ್ಲ. ಗೀತೆಯ ಗಂಧವೇ ಇಲ್ಲದವನಿಗೆ ಈ ದೇಶದ ಸಾಹಿತ್ಯ ಅರ್ಧಕ್ಕರ್ಧ ಮುಚ್ಚಿದ ಪುಸ್ತಕವಾಗುತ್ತದೆ. ಲೋಕಮಾನ್ಯ ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಕುಳಿತು ಗೀತಾರಹಸ್ಯವನ್ನು ಬರೆದರು. ಕನ್ನಡದಲ್ಲಿ ನಾಗರಸ ಇಡೀ ಗೀತೆಯನ್ನು ಭಾಮಿನಿ ಷಟ್ಪದಿಗೆ ಇಳಿಸಿದ. ಡಿ.ವಿ. ಗುಂಡಪ್ಪನವರ ಜೀವನಧರ್ಮಯೋಗ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಇವುಗಳ ಹೆಸರನ್ನೂ ಕೇಳದೆ ಹನ್ನೆರಡು ವರ್ಷ ಓದಿ ಹೊರಬರುವ ವಿದ್ಯಾರ್ಥಿಗೆ ಏನೋ ನಷ್ಟವಾಗಿದೆ ಎಂದರೆ ಅದನ್ನು ತಳ್ಳಿಹಾಕುವುದು ಕಷ್ಟ.

ಗುಜರಾತಿನಲ್ಲಿ ಈ ವಾದಕ್ಕೆ ಗಾಂಧೀಜಿಯವರ ಉದಾಹರಣೆಯೂ ಒದಗುತ್ತದೆ. ಆರೇಳು ವರ್ಷದಿಂದ ಹದಿನಾರರವರೆಗೆ ಶಾಲೆಯಲ್ಲಿ ತಮಗೆ ಧರ್ಮವೊಂದನ್ನುಳಿದು ಉಳಿದದ್ದನ್ನೆಲ್ಲ ಕಲಿಸಲಾಯಿತು ಎಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರು ಗೀತೆಯನ್ನು ಮೊದಲು ಓದಿದ್ದು ರಾಜಕೋಟೆಯಲ್ಲಲ್ಲ, ಲಂಡನ್ನಿನಲ್ಲಿ. ಥಿಯೊಸಫಿಯಲ್ಲಿ ಆಸಕ್ತರಾಗಿದ್ದ ಇಬ್ಬರು ಸೋದರರು ಎಡ್ವಿನ್ ಆರ್ನಾಲ್ಡರ ಇಂಗ್ಲಿಷ್ ಅನುವಾದವನ್ನು ಓದುತ್ತಿದ್ದರು, ಮೂಲವನ್ನು ಜೊತೆಗೆ ಓದೋಣ ಬನ್ನಿ ಎಂದು ಕರೆದರು. ಸಂಸ್ಕೃತದಲ್ಲಾಗಲಿ ಗುಜರಾತಿಯಲ್ಲಾಗಲಿ ತಾವು ಅದನ್ನು ಓದಿಲ್ಲವಲ್ಲ ಎಂದು ಗಾಂಧೀಜಿ ನಾಚಿಕೊಂಡರು. ಮುಂದೆ ದಕ್ಷಿಣ ಆಫ್ರಿಕಾದಲ್ಲಿ ಬೆಳಿಗ್ಗೆ ಹಲ್ಲುಜ್ಜುವ ಕಾಲು ಗಂಟೆಯಲ್ಲಿ ಎದುರು ಗೋಡೆಗೆ ಶ್ಲೋಕಗಳ ಚೀಟಿ ಅಂಟಿಸಿಕೊಂಡು ಹದಿಮೂರು ಅಧ್ಯಾಯಗಳನ್ನು ಕಂಠಸ್ಥ ಮಾಡಿದರು. ಅವರ ಗುಜರಾತಿ ಗೀತಾನುವಾದ ಅನಾಸಕ್ತಿಯೋಗ ಪ್ರಕಟವಾದದ್ದು 1930ರ ಮಾರ್ಚ್ 12ರಂದು, ದಂಡಿಯಾತ್ರೆ ಹೊರಟ ದಿನವೇ. ಆ ಯಾತ್ರೆ ಸೂರತ್ತಿನ ಮೇಲೆಯೇ ದಂಡಿಗೆ ಸಾಗಿತು.

ಗೀತೆಯನ್ನು ತಾಯಿ ಎಂದು ಕರೆದ ಇದೇ ಗಾಂಧೀಜಿ 1937ರಲ್ಲಿ ವಾರ್ಧಾ ಶಿಕ್ಷಣ ಯೋಜನೆಯನ್ನು ರೂಪಿಸಿದಾಗ ಅದರಲ್ಲಿ ಧರ್ಮಬೋಧನೆಯನ್ನು ಸೇರಿಸಲಿಲ್ಲ. ಕೇಳಿದವರಿಗೆ, ಧರ್ಮಗಳನ್ನು ಇಂದು ಕಲಿಸುತ್ತಿರುವ ಮತ್ತು ಆಚರಿಸುತ್ತಿರುವ ರೀತಿ ಐಕ್ಯಕ್ಕಿಂತ ಕಲಹಕ್ಕೇ ಹೆಚ್ಚು ದಾರಿಯಾಗುತ್ತದೆ ಎಂಬರ್ಥದ ಉತ್ತರ ಕೊಟ್ಟರು. ಶಾಲೆಯಲ್ಲಿ ಧರ್ಮ ಕಲಿಯದ ಕೊರತೆಯನ್ನು ಅನುಭವಿಸಿದ್ದ ವ್ಯಕ್ತಿ ತಾನೇ ಶಾಲೆ ಕಟ್ಟುವಾಗ ಹೀಗೇಕೆ ಮಾಡಿದ ಎಂಬುದನ್ನು ಗುಜರಾತಿನ ಚರ್ಚೆಯಲ್ಲಿ ಕೇಳಿದವರು ವಿರಳ. ಅವರನ್ನು ಗೀತೆಯ ಕಡೆಗೆ ತಂದದ್ದು ಪಠ್ಯಕ್ರಮವಲ್ಲ, ಸ್ನೇಹಿತರ ಒಂದು ಕರೆ ಮತ್ತು ತನ್ನೊಳಗಿನ ನಾಚಿಕೆ ಎಂಬುದೂ ಗಮನಾರ್ಹ.

ಇನ್ನು ಕಾನೂನಿನ ಮಾತು. ಸಂವಿಧಾನದ 28ನೆಯ ಅನುಚ್ಛೇದಕ್ಕೆ ಮೂರು ಭಾಗಗಳಿವೆ. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು ಎಂಬುದು ಮೊದಲನೆಯದು. ಧರ್ಮದತ್ತಿಯಿಂದ ಸ್ಥಾಪಿತವಾಗಿ, ಧರ್ಮಬೋಧನೆಯ ಷರತ್ತು ಹೊಂದಿ, ಈಗ ಸರ್ಕಾರದ ಆಡಳಿತದಲ್ಲಿರುವ ಸಂಸ್ಥೆಗಳಿಗೆ ಎರಡನೆಯದು ವಿನಾಯಿತಿ ಕೊಡುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ ಅಥವಾ ಪ್ರಾರ್ಥನೆಗೆ ಕೂರಿಸಬಾರದು ಎಂಬುದು ಮೂರನೆಯದು. ಬೇಡವಾದವರು ಹೊರಗೆ ಹೋಗಲಿ, ಬೇಕಾದವರು ಕಲಿಯಲಿ ಎಂದು ಸಾಮಾನ್ಯವಾಗಿ ಹೇಳುವ ಮಾತು ಈ ಮೂರನೆಯ ಭಾಗಕ್ಕೆ ಸಂಬಂಧಿಸಿದ್ದು. ಪಾಂಡೇಸರಾದ ಮಹಾನಗರಪಾಲಿಕೆಯ ಶಾಲೆಗೆ ಅನ್ವಯಿಸುವುದು ಮೊದಲನೆಯ ಭಾಗ. ಅಲ್ಲಿ ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ.

1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ ವಿಧಿಯ ಚರ್ಚೆ ನಡೆದಾಗ ಡಾ. ಅಂಬೇಡ್ಕರ್ ಅವರು ಹೇಳಿದ ಕಾರಣಗಳಲ್ಲಿ ಒಂದು ವ್ಯಾವಹಾರಿಕವಾದುದು: ಒಂದು ಪ್ರದೇಶದ ಶಾಲೆಯಲ್ಲಿ ಹಲವು ಮತಗಳ ಮಕ್ಕಳಿರುವಾಗ ಎಲ್ಲರ ಧರ್ಮವನ್ನೂ ಸರ್ಕಾರ ಕಲಿಸುವುದು ಸಾಧ್ಯವಿಲ್ಲ. ಇನ್ನೊಂದು ತಾತ್ತ್ವಿಕವಾದುದು: ಮತಗಳು ಪರಸ್ಪರ ಒಪ್ಪದ ಮಾತುಗಳನ್ನು ಹೇಳುತ್ತವೆ, ತನ್ನದೇ ಸತ್ಯ ಎನ್ನುತ್ತವೆ. ಈ ಎರಡನೆಯ ಮಾತು ಮಾಧ್ವರಿಗೆ ಹೊಸದಲ್ಲ. ವ್ಯಾಸತೀರ್ಥರ ನ್ಯಾಯಾಮೃತಕ್ಕೆ ಮಧುಸೂದನ ಸರಸ್ವತಿಗಳ ಅದ್ವೈತಸಿದ್ಧಿ, ಅದಕ್ಕೆ ರಾಮಾಚಾರ್ಯರ ತರಂಗಿಣಿ ಹೀಗೆ ಶತಮಾನಗಳ ವಾದ ನಡೆಸಿದ ಪರಂಪರೆಗೆ ಅಭಿಪ್ರಾಯಭೇದವೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಶಾಲೆಯಲ್ಲಿ ಧರ್ಮದ ವಿಷಯವನ್ನು ಎತ್ತುವಂತೆಯೇ ಇಲ್ಲವೇ? ಹಾಗೇನಿಲ್ಲ. ಗುರುನಾನಕರ ಜೀವನ ಮತ್ತು ಉಪದೇಶಗಳ ವಿದ್ವತ್ಪೂರ್ಣ ಅಧ್ಯಯನ ಧಾರ್ಮಿಕ ಬೋಧನೆಯಾಗುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1971ರಲ್ಲಿಯೇ, ಪಂಜಾಬಿನ ಡಿ.ಎ.ವಿ. ಕಾಲೇಜಿನ ಮೊಕದ್ದಮೆಯಲ್ಲಿ, ಹೇಳಿತು. 2002ರ ಸೆಪ್ಟೆಂಬರಿನ ಅರುಣಾ ರಾಯ್ ಮೊಕದ್ದಮೆಯಲ್ಲಿ, ರಾಷ್ಟ್ರೀಯ ಪಠ್ಯಕ್ರಮದಲ್ಲಿ ಎಲ್ಲ ಧರ್ಮಗಳ ಕುರಿತ ತಿಳಿವಳಿಕೆಗೆ ಸ್ಥಾನ ಕೊಡುವುದು 28ನೆಯ ಅನುಚ್ಛೇದಕ್ಕೆ ವಿರುದ್ಧವಲ್ಲ ಎಂದು ತೀರ್ಪಾಯಿತು. ಅದಕ್ಕೂ ಮೊದಲೇ 1964-66ರ ಕೊಠಾರಿ ಆಯೋಗ ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಕುರಿತು ತಿಳಿಸಿಕೊಡುವುದು ಬೇರೆ ಎಂದು ಗೆರೆ ಎಳೆದಿತ್ತು. ಗೀತೆಯಲ್ಲಿ ಏನಿದೆ, ಅದನ್ನು ಯಾರು ಯಾರು ಹೇಗೆ ಓದಿದರು ಎಂದು ಹೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಇದನ್ನು ನಂಬು, ಹೀಗೆ ನಡೆ ಎನ್ನುವುದಕ್ಕೆ ಅಡ್ಡಿಯಿದೆ.

ಇಲ್ಲಿಂದಲೇ ಆಸ್ತಿಕರು ಎಚ್ಚರದಿಂದ ಗಮನಿಸಬೇಕಾದ ತೊಡಕು ಆರಂಭವಾಗುತ್ತದೆ. ಧಾರ್ಮಿಕ ಬೋಧನೆಗೆ ಸರ್ಕಾರಿ ಶಾಲೆಯಲ್ಲಿ ಜಾಗವಿಲ್ಲದಿರುವುದರಿಂದ ಗೀತೆಯನ್ನು ಒಳಗೆ ತರಬೇಕಾದವರು ಗೀತೆ ಧರ್ಮಗ್ರಂಥವೇ ಅಲ್ಲ ಎಂದು ವಾದಿಸಬೇಕಾಗುತ್ತದೆ. ಹಾಗೆ ವಾದಿಸಲಾಗಿಯೂ ಇದೆ. ಮಧ್ಯಪ್ರದೇಶದ ಶಾಲೆಗಳಲ್ಲಿ ಗೀತಾಸಾರವನ್ನು ಕಲಿಸುವ ನಿರ್ಧಾರವನ್ನು ಕ್ರೈಸ್ತ ಸಂಸ್ಥೆಯೊಂದು ಪ್ರಶ್ನಿಸಿದಾಗ, ಗೀತೆ ಮೂಲತಃ ಭಾರತೀಯ ತತ್ತ್ವಶಾಸ್ತ್ರದ ಗ್ರಂಥವೇ ಹೊರತು ಮತಗ್ರಂಥವಲ್ಲ ಎಂಬ ಕಾರಣದಿಂದ ಅಲ್ಲಿಯ ಉಚ್ಚ ನ್ಯಾಯಾಲಯ 2012ರ ಜನವರಿಯಲ್ಲಿ ಅರ್ಜಿಯನ್ನು ತಳ್ಳಿಹಾಕಿತು. ಅಂದು ಅನೇಕರು ಇದನ್ನು ಗೆಲುವೆಂದು ಭಾವಿಸಿದರು. ಗೆದ್ದದ್ದು ಏನು, ಅದಕ್ಕಾಗಿ ಬಿಟ್ಟುಕೊಟ್ಟದ್ದು ಏನು ಎಂಬ ಲೆಕ್ಕವನ್ನು ಮಾಡಿದವರು ಕಡಿಮೆ. ಶ್ರೀಮದಾಚಾರ್ಯರ ಗೀತಾಭಾಷ್ಯವನ್ನೂ ಗೀತಾತಾತ್ಪರ್ಯನಿರ್ಣಯವನ್ನೂ, ಅವುಗಳ ಮೇಲೆ ಜಯತೀರ್ಥರ ಪ್ರಮೇಯದೀಪಿಕೆಯನ್ನೂ ನ್ಯಾಯದೀಪಿಕೆಯನ್ನೂ, ಶ್ರೀರಾಘವೇಂದ್ರತೀರ್ಥರ ಗೀತಾವಿವೃತಿಯನ್ನೂ ಇಟ್ಟುಕೊಂಡು ಪಾಠ ಹೇಳುವ ಮಠವೊಂದು ಗೀತೆಗೂ ಧರ್ಮಕ್ಕೂ ಸಂಬಂಧವಿಲ್ಲ ಎಂಬ ಪ್ರಮಾಣಪತ್ರವನ್ನು ಸಂತೋಷದಿಂದ ಹೇಗೆ ಸ್ವೀಕರಿಸೀತು? ಶ್ರೀಹರಿಯ ಸರ್ವೋತ್ತಮತ್ವವನ್ನು ಹೊರಗಿಟ್ಟು ಉಳಿದದ್ದನ್ನು ಶಾಲೆಯೊಳಗೆ ಬಿಟ್ಟರೆ ಒಳಗೆ ಹೋದದ್ದು ಕಷ್ಟಪಟ್ಟು ಕೆಲಸ ಮಾಡು, ಫಲ ಕೇಳಬೇಡ ಎಂಬ ಒಂದು ನೀತಿವಾಕ್ಯ ಮಾತ್ರ. ಪಾಂಡೇಸರಾದ ಮಿಲ್ಲಿನ ಮಾಲೀಕನಿಗೆ ಆ ವಾಕ್ಯ ಇಷ್ಟವಾಗಬಹುದು, ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬರುವ ಕಾರ್ಮಿಕನ ಮಗನಿಗೆ ಅದು ಹೇಗೆ ಕೇಳಿಸುತ್ತದೆಯೋ ಯೋಚಿಸಬೇಕು.

ಒಂದು ಶ್ಲೋಕವನ್ನು ತೆಗೆದುಕೊಂಡು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಎರಡನೆಯ ಅಧ್ಯಾಯದ 12ನೆಯ ಶ್ಲೋಕ ಮಕ್ಕಳ ಪುಸ್ತಕಕ್ಕೆ ಹೇಳಿ ಮಾಡಿಸಿದಂತಿದೆ: ಚಿಕ್ಕದು, ಸರಳ. ತಾನೂ ಅರ್ಜುನನೂ ಎದುರಿಗೆ ನಿಂತ ಈ ರಾಜರೂ ಹಿಂದೆ ಇರಲಿಲ್ಲವೆಂಬುದಿಲ್ಲ, ಮುಂದೆ ಇರುವುದಿಲ್ಲವೆಂಬುದೂ ಇಲ್ಲ ಎಂಬುದು ಅದರ ಭಾವ. ಶ್ರೀಶಂಕರರ ಭಾಷ್ಯದ ಪ್ರಕಾರ ಇಲ್ಲಿರುವ ಬಹುವಚನ ದೇಹಗಳ ಭೇದವನ್ನು ಅನುಸರಿಸಿದ್ದು, ಆತ್ಮಗಳು ಅನೇಕವೆಂಬ ಅಭಿಪ್ರಾಯದಿಂದ ಬಂದದ್ದಲ್ಲ. ಶ್ರೀರಾಮಾನುಜರು ಇದನ್ನು ಒಪ್ಪುವುದಿಲ್ಲ. ಭಗವಂತನೇ ನಾನು, ನೀನು, ಇವರು ಎಂದು ಬೇರೆ ಬೇರೆಯಾಗಿ ಹೇಳಿರುವಾಗ ಭೇದವೇ ಸತ್ಯವೆಂದು ಅವರು ಸಾಧಿಸುತ್ತಾರೆ. ಜೀವೇಶ್ವರಭೇದ, ಜೀವಜೀವಭೇದಗಳನ್ನು ಸಾರುವ ಮಾಧ್ವ ಸಿದ್ಧಾಂತಕ್ಕೂ ಈ ಶ್ಲೋಕ ನೇರವಾದ ಆಧಾರ. ಹದಿನೆಂಟನೆಯ ಅಧ್ಯಾಯದ 66ನೆಯ ಶ್ಲೋಕಕ್ಕೆ ಬಂದರೆ ಎಲ್ಲ ಧರ್ಮಗಳನ್ನು ಬಿಡುವುದೆಂದರೆ ಏನು ಎಂಬ ಪ್ರಶ್ನೆ ಏಳುತ್ತದೆ. ಶಂಕರರು ಅದನ್ನು ಸರ್ವಕರ್ಮಸಂನ್ಯಾಸವೆನ್ನುತ್ತಾರೆ. ಆಚಾರ್ಯ ಮಧ್ವರು ಫಲತ್ಯಾಗವೆನ್ನುತ್ತಾರೆ, ಹಾಗಲ್ಲದಿದ್ದರೆ ಯುದ್ಧ ಮಾಡೆಂಬ ವಿಧಿ ಹೇಗೆ ಕೂಡೀತು ಎಂದು ಕೇಳುತ್ತಾರೆ.

ಪೂರಕ ಪಠ್ಯವನ್ನು ಬರೆಯುವ ಸಮಿತಿ ಇವುಗಳಲ್ಲಿ ಯಾವುದನ್ನು ಆರಿಸಬೇಕು? ಒಂದನ್ನು ಆರಿಸಿದರೆ ಸರ್ಕಾರ ಒಂದು ಸಂಪ್ರದಾಯದ ಪಕ್ಷ ವಹಿಸಿದಂತಾಯಿತು. ಎಲ್ಲವನ್ನೂ ಕೊಟ್ಟರೆ ಹನ್ನೊಂದು ವರ್ಷದ ಮಗುವಿಗೆ ಅದು ಭಾರವಾಯಿತು. ಆದ್ದರಿಂದ ಸಹಜವಾಗಿ ಯಾರಿಗೂ ನೋವಾಗದ, ಯಾರದೂ ಅಲ್ಲದ ಒಂದು ಅರ್ಥ ಅಚ್ಚಾಗುತ್ತದೆ. ಮುಸಲ್ಮಾನರ ಆಕ್ಷೇಪದ ಮಾತೇ ಪತ್ರಿಕೆಗಳಲ್ಲಿ ಹೆಚ್ಚಾಗಿ ಬಂದುದರಿಂದ, ಈ ಏರ್ಪಾಟಿನಲ್ಲಿ ಮೊದಲು ಕಳೆದುಕೊಳ್ಳುವವರು ಭಾಷ್ಯಪರಂಪರೆಯವರೇ ಎಂಬುದು ಮರೆಗೆ ಸರಿದಿದೆ.

ಇದೇ ಪ್ರಸಂಗದಲ್ಲಿ ಸುಮಧ್ವವಿಜಯದ ಒಂದು ಕಥೆ ನೆನಪಾಗುವುದು ಸಹಜ. ಆಚಾರ್ಯರು ಗೀತಾಭಾಷ್ಯವನ್ನು ರಚಿಸಿ ಬದರಿಗೆ ಹೋಗಿ ಭಗವಂತನಿಗೆ ಅರ್ಪಿಸಿದರು. ಶಕ್ತಿಗನುಸಾರವಾಗಿ ಹೇಳುತ್ತೇನೆ ಎಂಬರ್ಥದ ಮಾತು ಅದರಲ್ಲಿತ್ತು. ಅವರ ಶಕ್ತಿ ಅದಕ್ಕಿಂತ ಬಹಳ ದೊಡ್ಡದೆಂದು ಬಲ್ಲ ಸ್ವಾಮಿಯು ಆ ಜಾಗದಲ್ಲಿ ಲೇಶತಃ, ಅಂದರೆ ಸ್ವಲ್ಪ ಮಾತ್ರ, ಎಂದು ತಿದ್ದಿಸಿದ. ಭಾಷ್ಯಕಾರರೇ ಹೇಳಿದ್ದು ಲೇಶವಾದರೆ ಅದರ ಸಾರದ ಸಾರವನ್ನು ಬಣ್ಣದ ಚಿತ್ರಗಳೊಂದಿಗೆ ಹೇಳಿ ಮುಗಿಸುತ್ತೇವೆಂಬ ಧೈರ್ಯ ಸರ್ಕಾರಿ ಸಮಿತಿಗಳಿಗೆ ಮಾತ್ರ ಬರಬಲ್ಲದು.

ಕರ್ನಾಟಕದ ಅನುಭವವನ್ನೂ ಇಲ್ಲಿ ನೋಡಬೇಕು. 2011ರ ಮಳೆಗಾಲದಲ್ಲಿ ಶಿರಸಿ ಸಮೀಪದ ಸೋಂದಾ ಸ್ವರ್ಣವಲ್ಲೀ ಮಠದ ಗೀತಾ ಅಭಿಯಾನಕ್ಕೆ ಶಾಲೆಗಳಲ್ಲಿ ಅವಕಾಶ ಕೊಟ್ಟಾಗ ದೊಡ್ಡ ವಿವಾದವೆದ್ದಿತು. ಆಗಿನ ಶಿಕ್ಷಣ ಸಚಿವ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಗೀತೆಯನ್ನು ವಿರೋಧಿಸುವವರು ದೇಶ ಬಿಟ್ಟು ಹೋಗಲಿ ಎಂಬರ್ಥದ ಮಾತನ್ನಾಡಿದ್ದು ಬೆಂಕಿಗೆ ತುಪ್ಪ ಸುರಿದಂತಾಯಿತು. ವಿಷಯ ಉಚ್ಚ ನ್ಯಾಯಾಲಯದವರೆಗೆ ಹೋಯಿತು, ಇದು ಕಡ್ಡಾಯವಲ್ಲವೆಂದು ಸರ್ಕಾರ ಹೇಳಬೇಕಾಯಿತು. ಸ್ವರ್ಣವಲ್ಲೀ ಅದ್ವೈತ ಪರಂಪರೆಯ ಮಠ. ಅದೇ ಸೋಂದೆಯಲ್ಲಿ ಶ್ರೀವಾದಿರಾಜರ ವೃಂದಾವನವಿದೆ. ಒಂದೇ ಊರಿನ ಎರಡು ಮಠಗಳಲ್ಲಿ ಗೀತೆಯ ಒಂದೇ ಶ್ಲೋಕಕ್ಕೆ ಎರಡು ಅರ್ಥ ಹೇಳುತ್ತಾರೆ, ಎರಡೂ ಕಡೆ ಶತಮಾನಗಳಿಂದ ಪಾಠ ನಡೆದಿದೆ, ಯಾರೂ ಯಾರನ್ನೂ ದೇಶ ಬಿಡಿಸಿಲ್ಲ. 2022ರಲ್ಲಿ ಗುಜರಾತಿನ ಘೋಷಣೆಯ ಬೆನ್ನಿಗೇ ಆಗಿನ ಸಚಿವ ಬಿ.ಸಿ. ನಾಗೇಶ್ ಅವರು ಕರ್ನಾಟಕದಲ್ಲಿಯೂ ನೀತಿಶಿಕ್ಷಣದ ಅಂಗವಾಗಿ ಗೀತೆಯನ್ನು ತರುವ ಮಾತನಾಡಿದರು.

ಅದೇ 2022ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಚಿತ್ರ ತಿರುಗಿತು. ಕ್ರೈಸ್ತ ಆಡಳಿತದ ಶಾಲೆಯೊಂದು, ಮಕ್ಕಳು ಬೈಬಲ್ ತರುವುದಕ್ಕೆ ಆಕ್ಷೇಪಿಸುವುದಿಲ್ಲವೆಂಬ ಒಪ್ಪಿಗೆಯನ್ನು ಪ್ರವೇಶಪತ್ರದಲ್ಲಿಯೇ ಪೋಷಕರಿಂದ ಪಡೆಯುತ್ತಿದೆ ಎಂಬ ದೂರು ಬಂದಿತು. ಹಿಂದೂ ಸಂಘಟನೆಗಳು ಪ್ರತಿಭಟಿಸಿದವು. ಅವರು ಕೇಳಿದ ಪ್ರಶ್ನೆ ಸರಿಯಾದದ್ದೇ: ಓದು ಕಲಿಯಲು ಬಂದ ಮಗುವಿನ ಕೈಗೆ ಇನ್ನೊಬ್ಬರ ಧರ್ಮಗ್ರಂಥವನ್ನು ಏಕೆ ಕೊಡಬೇಕು? ಆ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕೇಳಿದವರು ಪಾಂಡೇಸರಾದ ಮುಸಲ್ಮಾನ ತಂದೆ ಅದೇ ಪ್ರಶ್ನೆಯನ್ನು ಕೇಳಿದಾಗ ಕಿವಿ ಮುಚ್ಚಿಕೊಳ್ಳುವುದು ನ್ಯಾಯವಾಗದು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಮಾತು ಇನ್ನೂ ಹತ್ತಿರದ್ದು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1963ರಲ್ಲಿ ಸರ್ಕಾರಿ ಶಾಲೆಗಳ ಭಕ್ತಿಪೂರ್ವಕ ಬೈಬಲ್ ಪಠಣವನ್ನು ನಿಲ್ಲಿಸಿತು, ಆದರೆ ಸಾಹಿತ್ಯ ಇತಿಹಾಸಗಳ ಅಂಗವಾಗಿ ಅದನ್ನು ಓದಿಸಬಹುದೆಂದಿತು. 1980ರಲ್ಲಿ, ಪ್ರತಿ ತರಗತಿಯ ಗೋಡೆಗೂ ಹತ್ತು ಆಜ್ಞೆಗಳ ಫಲಕವನ್ನು ತೂಗಿಸುವ ಕೆಂಟಕಿ ರಾಜ್ಯದ ಕಾಯಿದೆ ಬಿದ್ದುಹೋಯಿತು. ಫಲಕಗಳಿಗೆ ಖಾಸಗಿ ದೇಣಿಗೆಯ ಹಣ ಬಳಸಿದ್ದೂ ಅದನ್ನು ಉಳಿಸಲಿಲ್ಲ. ಆದರೂ 2024ರ ಜೂನ್ ತಿಂಗಳೊಂದರಲ್ಲೇ ಲೂಸಿಯಾನಾ ರಾಜ್ಯ ಅಂಥದೇ ಕಾಯಿದೆಯನ್ನು ಮಾಡಿತು, ಓಕ್ಲಹೋಮಾದ ಶಿಕ್ಷಣಾಧಿಕಾರಿ ರಯನ್ ವಾಲ್ಟರ್ಸ್ ಪ್ರತಿ ತರಗತಿಯಲ್ಲಿ ಬೈಬಲ್ ಇರಬೇಕು, ಅದರಿಂದ ಪಾಠ ನಡೆಯಬೇಕು ಎಂದು ಆದೇಶಿಸಿದರು. 2025ರ ಅಕ್ಟೋಬರಿನಲ್ಲಿ ಅವರ ಸ್ಥಾನಕ್ಕೆ ಬಂದವರು ಆ ಆದೇಶವನ್ನು ಹಿಂತೆಗೆದುಕೊಂಡರು. ಬೈಬಲ್ ಪರವಾಗಿ ಅಲ್ಲಿ ಕೇಳಿಬಂದ ವಾದ ಇಲ್ಲಿಯವರಿಗೆ ಪರಿಚಿತವೇ: ಇದು ಮತದ ಮಾತಲ್ಲ, ದೇಶದ ಸಂಸ್ಕೃತಿಯ ತಳಹದಿ. ಮನೆಯಲ್ಲಿ ಏಕಾದಶಿ ಮಾಡುವ ಕುಟುಂಬದ ಮಗು ಆ ತರಗತಿಯಲ್ಲಿ ಕುಳಿತಿದ್ದರೆ ಅದರ ತಂದೆತಾಯಿ ಈ ವಾದವನ್ನು ಒಪ್ಪುತ್ತಿದ್ದರೇ?

ಬೇಡವೆಂದು ಹೇಳುವುದು ದೊಡ್ಡವರಿಗೆ ಸುಲಭ, ಮಗುವಿಗಲ್ಲ. 1985ರಲ್ಲಿ ಕೇರಳದ ಶಾಲೆಯೊಂದರಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ತಮ್ಮ ಮತದ ಕಾರಣದಿಂದ ಹಾಡಲಿಲ್ಲವೆಂದು ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಅವರನ್ನು ಮತ್ತೆ ಸೇರಿಸಿಕೊಳ್ಳಬೇಕೆಂಬ ಆದೇಶ ಸರ್ವೋಚ್ಚ ನ್ಯಾಯಾಲಯದಿಂದ 1986ರ ಆಗಸ್ಟಿನಲ್ಲಿ ಬರುವವರೆಗೆ ಅವರು ಕಾಯಬೇಕಾಯಿತು. ಅವರ ಹಿಂದೆ ದೃಢಮನಸ್ಸಿನ ತಂದೆಯಿದ್ದ. ಊರು ಬಿಟ್ಟು ಬಂದು ದಿನಗೂಲಿಯಲ್ಲಿ ಬದುಕುವವನು ಮುಖ್ಯೋಪಾಧ್ಯಾಯರ ಎದುರು ನಿಂತು ತನ್ನ ಮಗ ಶ್ಲೋಕಸ್ಪರ್ಧೆಗೆ ಬರುವುದಿಲ್ಲ ಎಂದು ಹೇಳುವ ಸಂಭವ ಬಹಳ ಕಡಿಮೆ.

ಈಗ ಗೀತೆಯನ್ನೇ ಕೇಳೋಣ. ಯುದ್ಧರಂಗದಲ್ಲಿ ರಥ ನಿಂತ ಕೂಡಲೇ ಕೃಷ್ಣ ಉಪದೇಶಕ್ಕೆ ತೊಡಗಲಿಲ್ಲ. ಮೊದಲನೆಯ ಅಧ್ಯಾಯದಲ್ಲಿ ಅರ್ಜುನ ಒಬ್ಬನೇ ದುಃಖಿಸುತ್ತಾನೆ, ತರ್ಕಿಸುತ್ತಾನೆ, ಧನುಸ್ಸನ್ನು ಬಿಟ್ಟು ಕುಳಿತುಬಿಡುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಎರಡು ಕಟುವಾದ ಮಾತನ್ನಾಡುತ್ತಾನೆ, ಅಷ್ಟೇ. ನಿನ್ನ ಶಿಷ್ಯ, ಶರಣು ಬಂದಿದ್ದೇನೆ, ಹೇಳು ಎಂದು ಅರ್ಜುನ ಬಾಯಿಬಿಟ್ಟು ಕೇಳಿದ ಮೇಲೆಯೇ ನಿಜವಾದ ಉಪದೇಶದ ಆರಂಭ. ನಾಲ್ಕನೆಯ ಅಧ್ಯಾಯದಲ್ಲಿ ಜ್ಞಾನವನ್ನು ಪಡೆಯುವ ಕ್ರಮವಾಗಿ ನಮಸ್ಕಾರ ಮತ್ತು ಸೇವೆಗಳ ನಡುವೆ ಮತ್ತೆ ಮತ್ತೆ ಪ್ರಶ್ನಿಸುವುದನ್ನೂ ಇಡಲಾಗಿದೆ. ಕೊನೆಯ ಅಧ್ಯಾಯದಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದ ಭಗವಂತ, ಇದನ್ನು ಸಂಪೂರ್ಣವಾಗಿ ವಿಮರ್ಶಿಸಿ ನಿನಗೆ ತೋರಿದಂತೆ ಮಾಡು ಎಂದು ಅರ್ಜುನನಿಗೇ ಬಿಡುತ್ತಾನೆ. ಅದಾದ ಕೆಲವೇ ಶ್ಲೋಕಗಳ ಅನಂತರ, ತಪಸ್ಸಿಲ್ಲದವನಿಗೆ, ಭಕ್ತಿಯಿಲ್ಲದವನಿಗೆ, ಕೇಳುವ ಮನಸ್ಸಿಲ್ಲದವನಿಗೆ, ತನ್ನಲ್ಲಿ ಅಸೂಯೆಯುಳ್ಳವನಿಗೆ ಇದನ್ನು ಹೇಳಕೂಡದು ಎಂಬ ನಿಷೇಧ ಬರುತ್ತದೆ. 67ನೆಯ ಶ್ಲೋಕವದು. ಹಾಜರಿ ಕರೆದು ಗಂಟೆ ಬಾರಿಸಿ ಐವತ್ತು ಮಕ್ಕಳನ್ನು ಕೂರಿಸಿ ಹೇಳುವ ಪಾಠಕ್ಕೆ ಈ ನಿಷೇಧದೊಂದಿಗೆ ಹೊಂದಾಣಿಕೆ ಹೇಗೆ? ಕೇಳುವ ಮನಸ್ಸಿಲ್ಲದವನಿಗೆ ಹೇಳಬೇಡವೆಂದವನು ಸಂವಿಧಾನ ರಚಿಸಿದ ಸಭೆಯವನಲ್ಲ, ಗೀತಾಚಾರ್ಯನೇ.

ತನ್ನ ಭಕ್ತರಲ್ಲಿ ಇದನ್ನು ಹೇಳುವವನಿಗೆ ಮಹತ್ತಾದ ಫಲವಿದೆ ಎಂದು 68ನೆಯ ಶ್ಲೋಕ ಹೇಳುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಹೌದು. ಆ ಕರ್ತವ್ಯ ಯಾರದು ಎಂಬುದೇ ಪ್ರಶ್ನೆ. ಮನೆಯದು, ಮಠದ್ದು, ಪುರಾಣ ಪ್ರವಚನಗಳದ್ದು. ಊರಿನಲ್ಲಿದ್ದಾಗ ಅಜ್ಜಿ ದೀಪ ಹಚ್ಚಿ ಕೂರಿಸಿ ಹೇಳಿಸುತ್ತಿದ್ದಳು. ಪರಊರಿಗೆ ಬಂದ ಮೇಲೆ ಅಜ್ಜಿ ದೂರವಾದಳು, ಭಾಷೆ ಜಾರಿತು, ತಂದೆಗೆ ಪಾಳಿ, ತಾಯಿಗೆ ಅಡುಗೆಯ ಜೊತೆಗೆ ಇನ್ನೊಂದು ನೌಕರಿ, ಮಗುವಿಗೆ ಟ್ಯೂಷನ್. ಆಗ ಶಾಲೆಯೇ ಇದನ್ನೂ ಮಾಡಿಕೊಟ್ಟರೆ ಒಳ್ಳೆಯದೆನಿಸುತ್ತದೆ. ಆ ದಣಿವು ಅರ್ಥವಾಗುವಂಥದೇ. ಆದರೆ ಕುಟುಂಬದ ಒಂದು ಕರ್ತವ್ಯವನ್ನು ಸರ್ಕಾರದ ಇಲಾಖೆಯೊಂದಕ್ಕೆ ಒಪ್ಪಿಸುವವರು, ಸರ್ಕಾರ ಬದಲಾದಾಗ ಪಠ್ಯವೂ ಬದಲಾಗುತ್ತದೆ ಎಂಬುದನ್ನು ಮರೆಯುತ್ತಾರೆ. ಕರ್ನಾಟಕದಲ್ಲಿ ಪಕ್ಷ ಬದಲಾದಂತೆ ಪಠ್ಯಪುಸ್ತಕದ ಪಾಠಗಳು ಬಂದದ್ದನ್ನೂ ಹೋದದ್ದನ್ನೂ 2022 ಮತ್ತು 2023ರಲ್ಲಿ ಎಲ್ಲರೂ ಕಂಡಿದ್ದಾರೆ. ಗೀತೆ ಆ ಸಾಲಿನಲ್ಲಿ ನಿಲ್ಲಬೇಕೇ?

ಶಾಲೆ ಮಾಡಬಹುದಾದದ್ದು ಬೇರೆ ಇದೆ. ಇತಿಹಾಸದ ಪಾಠದಲ್ಲಿ ತಿಲಕರೂ ಗಾಂಧೀಜಿಯೂ ಒಂದೇ ಗ್ರಂಥವನ್ನು ಓದಿ ಹೇಗೆ ಎರಡು ದಾರಿ ಕಂಡರು ಎಂದು ಹೇಳಬಹುದು. ಭಾಷೆಯ ಪಾಠದಲ್ಲಿ ಅರ್ಜುನನ ವಿಷಾದವನ್ನು ಕಾವ್ಯವಾಗಿ ಓದಿಸಬಹುದು, ಅದರ ಪಕ್ಕದಲ್ಲಿ ಕಬೀರರನ್ನೂ ನರಸಿಂಹ ಮೆಹತಾರನ್ನೂ ಸೂಫಿ ಕವಿಗಳನ್ನೂ ಇಡಬಹುದು. ನರಸಿಂಹ ಮೆಹತಾ ಗುಜರಾತಿ ಮಕ್ಕಳಿಗೆ ಹೇಗೋ ಕನ್ನಡ ಮಕ್ಕಳಿಗೆ ಪುರಂದರದಾಸರು ಹಾಗೆ, ಇಬ್ಬರನ್ನೂ ಒಟ್ಟಿಗೆ ಓದಿಸುವ ಶಾಲೆಯೊಂದು ಇದ್ದಿದ್ದರೆ ಎಂದು ಯಾರಿಗಾದರೂ ಆಸೆಯಾದರೆ ತಪ್ಪಲ್ಲ. ಇವೆಲ್ಲ ಧರ್ಮಗಳ ಕುರಿತ ತಿಳಿವಳಿಕೆಯ ವ್ಯಾಪ್ತಿಯಲ್ಲಿ ಬರುತ್ತವೆ, ಯಾವ ನ್ಯಾಯಾಲಯವೂ ಇದನ್ನು ತಡೆದಿಲ್ಲ. ಅಂಕಗಳಿಗಾಗಿ ಕಂಠಪಾಠ ಮಾಡಿಸುವುದು ಮಾತ್ರ ಬೇಡ. ಪರೀಕ್ಷೆ ಮುಗಿದ ಮೇಲೆ ಮಕ್ಕಳು ಪುಸ್ತಕಗಳನ್ನು ಏನು ಮಾಡುತ್ತಾರೆಂಬುದು ರದ್ದಿ ಅಂಗಡಿಯವನಿಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಮಣೆಯ ಮೇಲೆ ಇಡುವ ಗ್ರಂಥ ಅಲ್ಲಿ ಕಿಲೋ ಲೆಕ್ಕದಲ್ಲಿ ತೂಗುತ್ತದೆ.

ಮಠದ ಪಾಠದಲ್ಲಿ ಒಂದು ಶ್ಲೋಕಕ್ಕೆ ಒಂದು ಸಂಜೆ ಸಾಲದು. ಮೊದಲು ಪದಚ್ಛೇದ, ಆಮೇಲೆ ಅನ್ವಯ, ಆಮೇಲೆ ಭಾಷ್ಯ, ಆಮೇಲೆ ಟೀಕೆ, ನಡುವೆ ಪೂರ್ವಪಕ್ಷ. ಕೇಳುವವನು ಸುಮ್ಮನೆ ಕುಳಿತರೆ ವಿದ್ವಾಂಸರಿಗೆ ಸಮಾಧಾನವಾಗುವುದಿಲ್ಲ. ಸಂದೇಹವಿದ್ದರೆ ಕೇಳು ಎನ್ನುತ್ತಾರೆ. ಎರಡನೆಯ ಅಧ್ಯಾಯದ ಆ 12ನೆಯ ಶ್ಲೋಕವನ್ನು ಓದಿದ ಪಾಂಡೇಸರಾದ ಹುಡುಗನೊಬ್ಬ, ಈ ರಾಜರು ಎಂಬುದರಲ್ಲಿ ದುರ್ಯೋಧನನೂ ಸೇರಿದನೇ, ಅವನೂ ಎಂದೆಂದಿಗೂ ಇರುವವನೇ, ಹಾಗಾದರೆ ಅವನ ಗತಿಯೇನು ಎಂದು ಕೇಳಿದನೆಂದು ಭಾವಿಸಿರಿ. ಶಾಲೆಯ ಶಿಕ್ಷಕಿ ಗಡಿಯಾರ ನೋಡಬೇಕಾಗುತ್ತದೆ, ಮುಂದಿನ ಅವಧಿ ಗಣಿತದ್ದು. ಮಠದಲ್ಲಿ ಆ ಪ್ರಶ್ನೆಯನ್ನು ಕೇಳಿದರೆ ತಾರತಮ್ಯದ ಪ್ರಕರಣವೇ ತೆರೆದುಕೊಳ್ಳುತ್ತದೆ, ಇನ್ನೂ ನಾಲ್ಕು ಸಂಜೆ ಬೇಕಾಗುತ್ತದೆ. ಭಾನುವಾರಗಳಲ್ಲಿ ಮಧ್ಯಾಹ್ನದ ಅನಂತರ ಇಲ್ಲಿಯ ಸಭಾಂಗಣ ಖಾಲಿಯಿರುತ್ತದೆ.

|| ಶ್ರೀಕೃಷ್ಣಾರ್ಪಣಮಸ್ತು ||